ಕಾಲು ನೆಲಕ್ಕೆ ತಾಗಬೇಕು

ನನ್ನ ಎತ್ತರ ನಾಲ್ಕಡಿ ಹನ್ನೊಂದು ಇಂಚು. ಕಾಲೇಜಿನ ದಾಖಲೆಯಲ್ಲಿ ಐದಡಿ ಎಂದಿದೆ. ಸೇವಾ ಪುಸ್ತಕ ಬರೆದ ಗುಮಾಸ್ತರು ಕರುಣೆಯಿಂದ ಒಂದು ಇಂಚು ದಾನ ಮಾಡಿದ್ದಾರೆ. ಆ ಇಂಚು ಇಲ್ಲದ್ದು ನನಗೆ ಎಂದೂ ದೊಡ್ಡ ಕೊರತೆ ಅನ್ನಿಸಿರಲಿಲ್ಲ. ಕಪ್ಪುಹಲಗೆಯ ಮೇಲಿನ ಮೂಲೆ ಖಾಲಿ ಉಳಿಯುತ್ತಿತ್ತು, ಬಸ್ಸಿನಲ್ಲಿ ಮೇಲಿನ ಕಂಬಿ ಕೈಗೆ ಸಿಗುತ್ತಿರಲಿಲ್ಲ, ಅಷ್ಟೆ. ಕೊರತೆ ಅನ್ನಿಸಿದ್ದು ನಲವತ್ತರ ಹತ್ತಿರ ಬಂದು, ಗುಡ್ಡ ಹತ್ತುವ ಬೈಕೊಂದನ್ನು ಕೊಳ್ಳಲು ಹೊರಟಾಗ.

ಅಪ್ಪ ತೀರಿಕೊಂಡದ್ದು 2019ರಲ್ಲಿ. ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮ ಮನೆ, ಮನೆಯ ಸುತ್ತ ನಾಲ್ಕು ಎಕರೆ ಕಾಫಿ. ಅಲ್ಲಿಂದ ಮೂರು ಕಿಲೋಮೀಟರ್ ಮೇಲಕ್ಕೆ, ಹಳ್ಳ ದಾಟಿ, ಗುಡ್ಡದ ಮಗ್ಗುಲಲ್ಲಿ ಇನ್ನೊಂದು ಮೂರೂವರೆ ಎಕರೆ. ಅದಕ್ಕೆ ನಾವು ಮೇಲ್ತೋಟ ಅನ್ನುತ್ತೇವೆ. ಜೀಪು ಹಳ್ಳದವರೆಗೆ ಹೋಗುತ್ತದೆ. ಆಮೇಲೆ ಹಳೇ ಗಾಡಿದಾರಿ, ಅದರಾಚೆ ಬರೀ ಕಾಲುದಾರಿ. ಅಪ್ಪ ಆ ದಾರಿಯಲ್ಲಿ ತಮ್ಮ ಆರ್‌ಎಕ್ಸ್ 100 ಓಡಿಸಿಕೊಂಡು ಹೋಗುತ್ತಿದ್ದರು. ನಾನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಹ್ಯಾಂಡಲ್ ಹಿಡಿದು ನಾನೇ ಓಡಿಸುತ್ತಿದ್ದೇನೆ ಅಂದುಕೊಳ್ಳುತ್ತಿದ್ದೆ. "ನಂಗೂ ಕಲಿಸಪ್ಪ" ಅಂದರೆ, "ಕಾಲು ನೆಲಕ್ಕೆ ತಾಗಿದ ದಿನ ಕೀ ಕೊಡ್ತೀನಿ" ಅನ್ನುವರು. ನಾನು ಬೆಳೆಯುವುದು ಬೇಗನೆ ನಿಂತುಹೋಯಿತು. ಬೈಕೂ ಮಾರಿಹೋಯಿತು.

ಅಪ್ಪನ ನಂತರ ತೋಟ ನೋಡಿಕೊಳ್ಳಲು ಉಳಿದವರು ಅಮ್ಮ ಮತ್ತು ವಾರಕ್ಕೊಮ್ಮೆ ಹಾಸನದಿಂದ ಬರುವ ನಾನು. ಮನೆ ಸುತ್ತಲಿನ ತೋಟ ಅಮ್ಮನ ಕಣ್ಣಳತೆಯಲ್ಲಿತ್ತು. ಮೇಲ್ತೋಟಕ್ಕೆ ಹೋಗಿ ಬರಲು ನಡೆದರೆ ಅರ್ಧ ದಿನ. "ಅದನ್ನ ಕೊಟ್ಬಿಡಿ ಅತ್ಲಾಗೆ, ಹೆಣ್ಮಕ್ಕಳ ಕೈಲಿ ಆಗೋ ಕೆಲಸ ಅಲ್ಲ" ಎಂದು ಚಿಕ್ಕಪ್ಪ ಬಂದಾಗಲೆಲ್ಲ ಹೇಳುತ್ತಿದ್ದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚುತ್ತಿತ್ತು.

ನಾನು ಬೈಕು ಓಡಿಸಲು ಕಲಿತದ್ದು ಬೆಂಗಳೂರಿನ ಹತ್ತಿರದ ಒಂದು ಶಿಬಿರದಲ್ಲಿ, ಎರಡು ದಿನ, ಮಣ್ಣಿನಲ್ಲಿ. ಅಲ್ಲಿ ಹದಿನೆಂಟು ವರ್ಷದ ಹುಡುಗರ ನಡುವೆ ನಾನೊಬ್ಬಳೇ ಹೆಂಗಸು, ಎಲ್ಲರಿಗಿಂತ ದೊಡ್ಡವಳು, ಎಲ್ಲರಿಗಿಂತ ಗಿಡ್ಡ. ಬೆಂಗಳೂರಿನವರೇ ಆದ ಐಶ್ವರ್ಯ ಪಿಸ್ಸೆ ಆ ವರ್ಷವಷ್ಟೇ ಬಾಹಾ ರೇಸುಗಳ ವಿಶ್ವಕಪ್‌ನಲ್ಲಿ ಮಹಿಳೆಯರ ಪ್ರಶಸ್ತಿ ಗೆದ್ದಿದ್ದರು. ಶಿಬಿರದ ತರಬೇತುದಾರರು ಮಾತುಮಾತಿಗೆ ಅವರ ಹೆಸರು ಹೇಳಿ ನನಗೆ ಹುರುಪು ತುಂಬುತ್ತಿದ್ದರು. ತೋಟದ ಅಗತ್ಯಕ್ಕೆ ಕಲಿಯಲು ಹೋದವಳಿಗೆ ಎರಡನೇ ದಿನದ ಸಂಜೆ ಹೊತ್ತಿಗೆ ಹುಚ್ಚು ಹಿಡಿದಿತ್ತು. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮೊಣಕಾಲು ಸಡಿಲ ಬಿಟ್ಟು, ಕಲ್ಲಿನ ಮೇಲೆ ಬೈಕನ್ನು ತನ್ನಷ್ಟಕ್ಕೆ ಕುಣಿಯಲು ಬಿಡುವುದು ಎಂಥ ಸುಖ ಅನ್ನುವುದನ್ನು ಅನುಭವಿಸಿದವರೇ ಬಲ್ಲರು. ತೋಟ ಒಂದು ನೆಪ ಆಯಿತು. ದಾರಿಯೇ ಬೇಕು ಅನ್ನಿಸತೊಡಗಿತು.

ಆಮೇಲಿನದು ಷೋರೂಮು. ಒಳಗೆ ಕಾಲಿಟ್ಟ ಕೂಡಲೇ ಹುಡುಗನೊಬ್ಬ ಬಂದು, "ಸ್ಕೂಟರೆಲ್ಲ ಆ ಕಡೆ ಇದೆ ಮೇಡಂ" ಎಂದ. ನಾನು ಎತ್ತರದ ಮಡ್‌ಗಾರ್ಡಿನ, 200 ಸಿಸಿಯ ಬೈಕಿನತ್ತ ಬೆರಳು ತೋರಿಸಿದೆ. "ಅದಾ? ಸರ್ ಬಂದಿಲ್ವಾ?" ಎಂದು ನನ್ನ ಬೆನ್ನ ಹಿಂದೆ ಹುಡುಕಿದ. ನನ್ನ ಹಿಂದೆ ಯಾವ ಸರ್ ಇರಲಿಲ್ಲ. ಹತ್ತಿ ಕೂತೆ. ಸೈಡ್ ಸ್ಟ್ಯಾಂಡ್ ಮೇಲಿದ್ದ ಬೈಕನ್ನು ನೆಟ್ಟಗೆ ಮಾಡಿದರೆ ಒಂದು ಕಾಲಿನ ತುದಿಬೆರಳು ನೆಲಕ್ಕೆ ತಾಗುತ್ತಿತ್ತು, ಇನ್ನೊಂದು ಗಾಳಿಯಲ್ಲಿ. ಹುಡುಗ ನಗಲಿಲ್ಲ, ನಗು ತಡೆದುಕೊಂಡ. ಆ ತಡೆದುಕೊಂಡ ನಗುವಿಗೆ ಉತ್ತರವಾಗಿ ಅವತ್ತೇ ಮುಂಗಡ ಕಟ್ಟಿ ಬಂದೆ. ಹಠದಿಂದ ಕೊಂಡ ವಸ್ತು ಯಾವತ್ತೂ ನಮ್ಮ ಅಳತೆಯದಾಗಿರುವುದಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ.

ಅದರ ಸೀಟು ನೆಲದಿಂದ 82 ಸೆಂಟಿಮೀಟರಿಗೂ ಮೇಲೆ. ತೂಕ 150 ಕೆ.ಜಿ. ದಾಟಿದ್ದು. ಒಳ್ಳೆಯ ಬೈಕು, ಇದರಲ್ಲಿ ಮುಂದೆ ಬರುವ ಕತೆಯ ತಪ್ಪು ಅದರದ್ದಲ್ಲ. ಐದಡಿ ಎಂಟು ಇಂಚಿನವರಿಗೆ ಅದು ಆಟಿಕೆ. ನಾನು ಎರಡು ಬೇಸಿಗೆ ಅದನ್ನು ಓಡಿಸಿದೆ, ಬೀಳಲಿಲ್ಲ. ಅಂದರೆ, ಓಡುತ್ತಿರುವಾಗ ಬೀಳಲಿಲ್ಲ. ಎರಡು ಚಕ್ರದ ಗಾಡಿ ಓಡುತ್ತಿರುವಾಗ ಸೀಟು ಎಷ್ಟು ಎತ್ತರ ಇದ್ದರೂ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ನಿಲ್ಲಿಸಿದಾಗ.

ಅದು ಅಕ್ಟೋಬರ್ ತಿಂಗಳು. ಮಳೆ ಹಿಂದಾಗಿತ್ತು, ಆದರೆ ದಾರಿ ಇನ್ನೂ ಪಾಚಿ ಹಿಡಿದು ಜಾರುತ್ತಿತ್ತು. ಮೇಲ್ತೋಟದಿಂದ ಇಳಿದು ಬರುವಾಗ, ಹಳ್ಳಕ್ಕೆ ಇನ್ನೂ ದೂರವಿದ್ದಾಗ, ಸಿಲ್ವರ್ ಓಕಿನ ಕೊಂಬೆಯೊಂದು ಅಡ್ಡ ಬಿದ್ದಿತ್ತು. ನಿಲ್ಲಿಸಿದೆ. ಅಭ್ಯಾಸದಂತೆ ಬಲಗಾಲು ಬ್ರೇಕಿನ ಮೇಲೆ, ಎಡಗಾಲು ಕೆಳಕ್ಕೆ. ದಾರಿ ಎಡಕ್ಕೆ ವಾಲಿತ್ತು, ಎಡಗಡೆಯೇ ಇಳಿಜಾರು. ಕಾಲು ಇಳಿಯಿತು, ಇಳಿಯಿತು, ಇಳಿಯುತ್ತಲೇ ಹೋಯಿತು. ನೆಲ ಸಿಗಲಿಲ್ಲ. ನಿಂತ ಬೈಕು, ಸೊನ್ನೆ ವೇಗ, ನಿಧಾನವಾಗಿ, ಬೇಕಾದಷ್ಟು ಯೋಚಿಸಲು ಸಮಯ ಕೊಟ್ಟು, ನನ್ನ ಮೇಲೆ ಮಲಗಿತು.

ಎಡಪಾದದ ಗಂಟು ಮುರಿದದ್ದು ಆಗಲೇ ಗೊತ್ತಾಯಿತು. ಒಣ ಕಡ್ಡಿ ಮುರಿದ ಸದ್ದು. ಬೈಕನ್ನು ಎತ್ತಲು ನೋಡಿದೆ. ಐವತ್ತು ಕೆ.ಜಿ.ಯ ಕಾಫಿ ಮೂಟೆ ನಮ್ಮ ಕಡೆಯವರಿಗೆ ಗೊತ್ತು. ಅಂಥ ಮೂರು ಮೂಟೆ ಕಾಲಿನ ಮೇಲೆ. ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ. ಪೆಟ್ರೋಲಿನ ವಾಸನೆ, ಬಿಸಿ ಎಂಜಿನ್ನು ಆರುವ ಟಿಕ್ ಟಿಕ್ ಸದ್ದು, ಕುತ್ತಿಗೆಗೆ ಹತ್ತುತ್ತಿರುವ ಉಂಬಳ. ಸುಮಾರು ನಲವತ್ತು ನಿಮಿಷ ಹಾಗೇ ಬಿದ್ದಿದ್ದೆ. ನೋವಿಗಿಂತ ದೊಡ್ಡದೊಂದು ಯೋಚನೆ ಆಗ ತಲೆಯಲ್ಲಿ ಸುತ್ತುತ್ತಿತ್ತು: ಚಿಕ್ಕಪ್ಪ ಹೇಳಿದ್ದು ನಿಜವಾಯಿತಲ್ಲ.

ಕೊನೆಗೆ ಸೌದೆಗೆ ಹೊರಟ ಗಿರಿಜಕ್ಕ ಮತ್ತು ಅವರ ಸೊಸೆ ಆ ದಾರಿಯಲ್ಲಿ ಬಂದರು. "ಅಯ್ಯೋ ಟೀಚರಮ್ಮ!" ಅಂದವರೇ, ಕತ್ತಿ ಕೆಳಗಿಟ್ಟು, ಒಬ್ಬರು ಹ್ಯಾಂಡಲ್, ಒಬ್ಬರು ಹಿಂದಿನ ಕಂಬಿ ಹಿಡಿದು ಮೂಟೆ ಎತ್ತುವಂತೆ ಎತ್ತಿದರು. ಗಿರಿಜಕ್ಕನ ಎತ್ತರವೂ ನನ್ನಷ್ಟೇ.

ಆರು ವಾರ ಪ್ಲಾಸ್ಟರು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬೈಕನ್ನು ಕಣದ ಮೂಲೆಗೆ ತಳ್ಳಿಸಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದರು. ಕೀಯನ್ನು ಅಕ್ಕಿ ಡಬ್ಬದೊಳಗೆ ಹಾಕಿದರು. ಮೇಲ್ತೋಟದ ಮಾತು ಬಂದಾಗ, "ನೋಡುವ, ನಿನ್ನ ಚಿಕ್ಕಪ್ಪ ಯಾರನ್ನೋ ಕರ್ಕೊಂಡು ಬರ್ತಾರಂತೆ" ಅಂದು ಅಡುಗೆಮನೆಗೆ ಹೋದರು. ಪ್ಲಾಸ್ಟರು ಬಿಚ್ಚಿದ ಮೇಲೆ ಗೊತ್ತಾಯಿತು, ಮೂರು ಕಿಲೋಮೀಟರ್ ಗುಡ್ಡ ಹತ್ತಿ ಇಳಿಯಲು ಈ ಕಾಲು ಇನ್ನು ಒಪ್ಪುವುದಿಲ್ಲ. ಈಗ ಬೈಕು ಇಲ್ಲದಿದ್ದರೆ ಮೇಲ್ತೋಟವೂ ಇಲ್ಲ.

ಮಲಗಿದ್ದಾಗ ನಾನು ಮಾಡಿದ್ದು ಲೆಕ್ಕ. ಮೊದಲು ನನ್ನ ಕಾಲಿನ ಒಳ ಅಳತೆ. ಬೈಕಿಗೆ ಬೇಕಾದದ್ದು ನಮ್ಮ ಎತ್ತರವಲ್ಲ, ಇದು. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ ಹಿಡಿದು, ಅದರ ಮೇಲಂಚು ಗೋಡೆಗೆ ತಾಗುವಲ್ಲಿ ಗುರುತು ಹಾಕಬೇಕು. ಕನ್ನಡ ಮೇಡಂ ಆದ ನನ್ನ ಕೈಗೆ ಮೊದಲು ಸಿಕ್ಕ ದಪ್ಪ ಪುಸ್ತಕ ನಿಘಂಟು. "ಸರಸ್ವತೀನ ಎಲ್ಲಿಟ್ಕೊಂಡಿದೀಯೇ ಮಾರಾಯ್ತಿ!" ಎಂದು ಅಮ್ಮ ಕಿರುಚಿದರು. ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕೆವು. ಕೊನೆಗೆ ಚಪಾತಿ ಮಣೆಯಿಂದ ಕೆಲಸ ಆಯಿತು. 68 ಸೆಂಟಿಮೀಟರ್. ಬೂಟಿನ ಅಟ್ಟೆ ಸೇರಿಸಿದರೆ 71.

82ರಿಂದ 71 ಕಳೆದರೆ 11. ಸೀಟಿಗೂ ನನ್ನ ಕಾಲಿಗೂ ಇದ್ದ ಅಂತರ ಅದು. ನಾವು ಕೂತಾಗ ಸ್ಪ್ರಿಂಗು ಒತ್ತಿ ಬೈಕು ಸ್ವಲ್ಪ ಕುಸಿಯುತ್ತದೆ, ಅದು ನಿಜ. ಆದರೆ ಆ ಸ್ಪ್ರಿಂಗು ನನಗಿಂತ ಭಾರದವರಿಗಾಗಿ ಲೆಕ್ಕ ಹಾಕಿದ್ದು. ನನ್ನ 48 ಕೆ.ಜಿ.ಗೆ ಅದು ಹೆಚ್ಚು ಕುಸಿಯುವುದಿಲ್ಲ. ಗಿಡ್ಡಗಿದ್ದವರು ಹಗುರವೂ ಆಗಿದ್ದರೆ ಎರಡು ಕಡೆಯಿಂದ ನಷ್ಟ: ಕಾಲೂ ಸಿಗುವುದಿಲ್ಲ, ಬೈಕೂ ಬಗ್ಗುವುದಿಲ್ಲ.

ಆಮೇಲೆ ಉಪಾಯಗಳು. ಹಾಸನದ ಗ್ಯಾರೇಜಿನವರು ಹೇಳಿದ್ದು, ಹಿಂದಿನ ಶಾಕ್ ಅಬ್ಸಾರ್ಬರ್ ಹಿಡಿದಿರುವ ಲಿಂಕ್ ಬದಲಿಸಿ ಬೈಕನ್ನೇ ತಗ್ಗಿಸಬಹುದು ಅಂತ. ಹಿಂಬದಿ ತಗ್ಗಿದರೆ ಮುಂದಿನ ಫೋರ್ಕನ್ನೂ ಅದಕ್ಕೆ ತಕ್ಕಂತೆ ತಗ್ಗಿಸಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಬೈಕು ಮಾತು ಕೇಳುವುದಿಲ್ಲ. ಸೈಡ್ ಸ್ಟ್ಯಾಂಡ್ ಉದ್ದವಾಗಿಬಿಡುತ್ತದೆ. ಅದನ್ನು ಕತ್ತರಿಸದಿದ್ದರೆ ನಿಲ್ಲಿಸಿದ ಬೈಕು ಆ ಕಡೆಗೆ ಬೀಳುತ್ತದೆ. ಎಂಜಿನ್ನಿನ ಹೊಟ್ಟೆ ಕಲ್ಲಿಗೆ ಹತ್ತಿರವಾಗುತ್ತದೆ. ಸೀಟಿನ ಫೋಮ್ ಕತ್ತರಿಸುವುದು ಇನ್ನೊಂದು ದಾರಿ. ಎರಡು ಮೂರು ಸೆಂಟಿಮೀಟರಾದರೆ ಸರಿ, ಅದಕ್ಕಿಂತ ಹೆಚ್ಚು ಕತ್ತರಿಸಿದರೆ ಹಲಗೆಯ ಮೇಲೆ ಕೂತ ಹಾಗೆ. ಅಲ್ಲದೆ ಸೀಟು ತಗ್ಗಿದಷ್ಟೂ ಮೊಣಕಾಲು ಹೆಚ್ಚು ಮಡಚಿಕೊಂಡು ಎದ್ದು ನಿಲ್ಲುವುದು ಕಷ್ಟ. ಸೀಟಿನ ಮುಂಭಾಗದ ಅಗಲ ಕಡಿಮೆ ಮಾಡಿಸುವುದು ಇದಕ್ಕಿಂತ ಲಾಭ. ಅಗಲ ಸೀಟು ತೊಡೆಗಳನ್ನು ಹರವಿ, ಇರುವ ಕಾಲನ್ನೂ ತಿನ್ನುತ್ತದೆ. ಇಷ್ಟೆಲ್ಲ ಮಾಡಿದರೂ 150 ಕೆ.ಜಿ. 150 ಕೆ.ಜಿ.ಯೇ. ತೂಕಕ್ಕೆ ಕತ್ತರಿ ಹಾಕುವ ದರ್ಜಿ ಇಲ್ಲ.

ಹಾಗಾದರೆ ಬೇರೆ ಬೈಕು? ಪ್ಲಾಸ್ಟರು ಹಾಕಿಕೊಂಡು ರಾತ್ರಿಯೆಲ್ಲ ಹಾಳೆಯ ಮೇಲೆ ಎರಡು ಕಾಲಂ ಬರೆದೆ: ಎತ್ತರ, ತೂಕ. 2016ರಲ್ಲಿ ಬಂದ ಹಿಮಾಲಯನ್ ಸೀಟು 80 ಸೆಂಟಿಮೀಟರ್, ನನ್ನದಕ್ಕಿಂತ ತಗ್ಗು. ತೂಕ 190 ಕೆ.ಜಿ. ದಾಟುತ್ತದೆ. 2011ರ ಹೀರೋ ಇಂಪಲ್ಸ್ 134 ಕೆ.ಜಿ., ನನ್ನದಕ್ಕಿಂತ ಹಗುರ, ಸೀಟು 84. ಕವಾಸಾಕಿ ಇಲ್ಲಿ ತಂದಿದ್ದ ಕೆಎಲ್‌ಎಕ್ಸ್ 140ಜಿ 99 ಕೆ.ಜಿ., ಹತ್ತಿಯ ಹಾಗೆ, ಸೀಟು 86. ಅದನ್ನು ರಸ್ತೆಗೆ ನೋಂದಾಯಿಸುವ ಹಾಗೂ ಇರಲಿಲ್ಲ, ಬೆಲೆ ಆಗ ನಾಲ್ಕು ಲಕ್ಷ. ತಗ್ಗು ಇದ್ದದ್ದು ಭಾರ, ಹಗುರ ಇದ್ದದ್ದು ಎತ್ತರ. ಹೊರದೇಶಗಳಲ್ಲಿ ಅದೇ ಕೆಎಲ್‌ಎಕ್ಸ್ 140ಕ್ಕೆ ಚಿಕ್ಕ ಚಕ್ರದ, 78 ಸೆಂಟಿಮೀಟರಿನ ತಮ್ಮನೊಬ್ಬನಿದ್ದಾನೆ. ಯಮಾಹಾದ ಟಿಟಿಆರ್ 125 ಎಲ್‌ಇ ಇದೆ, 90 ಕೆ.ಜಿ., 80 ಸೆಂಟಿಮೀಟರ್. ಅಲ್ಲಿ ಗಿಡ್ಡಗಿದ್ದ ಹೆಂಗಸರು, ಹದಿಹರೆಯದವರು ಇವುಗಳ ಮೇಲೆಯೇ ಕಾಡುದಾರಿ ಕಲಿಯುತ್ತಾರೆ. ನಮ್ಮ ಷೋರೂಮುಗಳಲ್ಲಿ ಇವು ಸಿಗುವುದಿಲ್ಲ.

ತರಗತಿಯಲ್ಲಿ ನಾನು ಛಂದಸ್ಸು ಪಾಠ ಮಾಡುತ್ತೇನೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಪ್ರಸ್ತಾರ ಹಾಕಿದಂತೆ ಆ ಹಾಳೆಯ ಮೇಲೂ ಗೆರೆ ಎಳೆಯುತ್ತ ಕೂತಿದ್ದೆ, ಯಾವ ಗಣವೂ ಕೂಡಿಬರಲಿಲ್ಲ. ನನ್ನ ಪದ್ಯಕ್ಕೆ ಬೇಕಾದದ್ದು ಒಂದು ಲಘು. ಅಂಗಡಿಯಲ್ಲಿ ಇದ್ದವರೆಲ್ಲ ಗುರುಗಳೇ.

ಎತ್ತರ ಮುಖ್ಯವಲ್ಲ, ತಂತ್ರ ಮುಖ್ಯ ಎಂದು ಶಿಬಿರದಲ್ಲಿ ಪರಿಚಯವಾದ ಗೆಳೆಯರು ಫೋನಿನಲ್ಲಿ ಹೇಳಿದರು. "ರೇಸಿನವರನ್ನ ನೋಡಿ ಮೇಡಂ, ಎರಡೂ ಕಾಲು ಯಾರಿಗೆ ತಾಗುತ್ತೆ? ಒಂದು ಕಡೆ ಜಾರಿ ಕೂತು ಒಂದೇ ಕಾಲು ಊರಬೇಕು." ಅದರಲ್ಲಿ ಸುಳ್ಳಿಲ್ಲ. ಅಕ್ಟೋಬರಿನ ಆ ದಿನ ಮುಂದಿನ ಬ್ರೇಕು ಹಿಡಿದು, ಏರಿನ ಕಡೆಯ ಬಲಗಾಲು ಊರಿದ್ದರೆ ನಾನು ಬೀಳುತ್ತಿರಲಿಲ್ಲ. ಇಳಿಜಾರಿನ ಕಡೆ ಕಾಲು ಇಡಬಾರದು ಅನ್ನುವುದು ಮೊದಲ ಪಾಠ. ಡಾಂಬರು ರಸ್ತೆಯ ಅಭ್ಯಾಸ ಅದನ್ನು ಮರೆಸಿತ್ತು. ಆದರೂ ಅವರ ಮಾತಿನಲ್ಲಿ ಏನೋ ತಪ್ಪಿದೆ ಅನ್ನಿಸುತ್ತಿತ್ತು. ಏನೆಂದು ಹೊಳೆದದ್ದು ತಡವಾಗಿ. ರೇಸಿನಲ್ಲಿ ಯಾರೂ ನಿಲ್ಲುವುದಿಲ್ಲ. ನನ್ನ ದಾರಿ ನಿಂತು ನಿಂತು ಹೋಗುವ ದಾರಿ. ಅಡ್ಡ ಬಿದ್ದ ಕೊಂಬೆ, ಬೇಲಿಯ ತಡಮೆ, ದಾರಿ ಬಿಡದ ಎಮ್ಮೆ, ಹಳ್ಳದ ನೀರು ಎಷ್ಟಿದೆ ಎಂಬ ಅಂದಾಜು, ಹಣ್ಣಾದ ಕಾಫಿ ಗಿಡ, ಮಾತಿಗೆ ಸಿಕ್ಕ ಮನುಷ್ಯರು. ಮೂರು ಕಿಲೋಮೀಟರಿಗೆ ಹತ್ತು ಸಲ ನಿಲ್ಲಬೇಕು. ನಿಲ್ಲುವುದೇ ಕಷ್ಟವಾದ ಬೈಕಿನಲ್ಲಿ ನಾನು ದಾರಿಯನ್ನು ನೋಡುತ್ತಲೇ ಇರಲಿಲ್ಲ. ಮುಂದೆ ಎಲ್ಲಿ ನಿಲ್ಲಬೇಕಾದೀತೋ ಎಂಬ ಹೆದರಿಕೆಯನ್ನೇ ನೋಡುತ್ತಿದ್ದೆ.

ನಮ್ಮಲ್ಲಿ ಜಂಬದವರನ್ನು ಕುರಿತು ಒಂದು ಮಾತಿದೆ: ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಎರಡು ವರ್ಷ ನನ್ನ ಕಾಲು ನಿಜವಾಗಿಯೂ ನೆಲದ ಮೇಲೆ ನಿಂತಿರಲಿಲ್ಲ. ಷೋರೂಮಿನ ಹುಡುಗನ ನಗುವಿಗೆ ಉತ್ತರ ಕೊಡುವುದರಲ್ಲಿ ಮುಳುಗಿ ನನ್ನ ಕಾಲು ಎಷ್ಟುದ್ದ ಅನ್ನುವುದನ್ನು ಅಳೆಯಲೂ ಹೋಗಿರಲಿಲ್ಲ.

ಉತ್ತರ ಸಿಕ್ಕಿದ್ದು ಹಾರ್ನಿನ ಸದ್ದಿನಲ್ಲಿ. ಕೋಲು ಊರಿಕೊಂಡು ಜಗಲಿಯಲ್ಲಿ ಕೂತಿದ್ದೆ. ಮೀನಿನ ಕಾಕ ಪೊಂ ಪೊಂ ಎನ್ನುತ್ತ ಬಂದರು. ಅವರದ್ದು ಟಿವಿಎಸ್ ಎಕ್ಸ್‌ಎಲ್. ಹಿಂದೆ ಐಸು ಹಾಕಿದ ಮೀನಿನ ಪೆಟ್ಟಿಗೆ, ಮುಂದೆ ತಕ್ಕಡಿ. ಅಮ್ಮ ಬಂಗುಡೆ ಆರಿಸುತ್ತಿದ್ದಾಗ, "ಮೇಲಿನ ಲೈನು ಮನೆಗೂ ಹೋಗ್ತೀರಾ ಕಾಕ?" ಎಂದೆ. "ಮತ್ತೆ? ವಾರಕ್ಕೆ ಮೂರು ಸಲ" ಎಂದರು. ನಾನು ಬಿದ್ದದ್ದು ಆ ದಾರಿಯಲ್ಲೇ. "ಹಳ್ಳ?" "ಇಳಿದು ತಳ್ಳುವುದು. ಅದಕ್ಕೇನು ನಾಚಿಕೆ?" ಟಾರ್ಪಾಲು ಹೊದ್ದು ನಿಂತಿದ್ದ ನನ್ನ ಬೈಕಿನತ್ತ ನೋಡಿ, ಚೀಲಕ್ಕೆ ಮೀನು ಹಾಕುತ್ತ ಅಂದರು: "ಗಾಡಿ ದೊಡ್ಡದಾದ್ರೆ ಗುಡ್ಡ ಸಣ್ಣದಾಗುದಿಲ್ಲ ಟೀಚರಮ್ಮ."

ಎಕ್ಸ್‌ಎಲ್ ಸುಮಾರು 90 ಕೆ.ಜಿ. ಅದನ್ನು ಹತ್ತಿಸಿಕೊಂಡು ಅರವತ್ತು ದಾಟಿದ ಮನುಷ್ಯ ಮೀನಿನ ಪೆಟ್ಟಿಗೆ ಸಮೇತ ಗುಡ್ಡ ಹತ್ತುತ್ತಾರೆ. ಮಲೆನಾಡಿನಲ್ಲಿ ಡರ್ಟ್ ಬೈಕು ಅನ್ನುವ ಮಾತು ಬರುವ ಮುಂಚೆಯೇ ಡರ್ಟ್ ಬೈಕು ಓಡಿಸಿದವರು ಇವರು: ಹಾಲಿನವರು, ಮೀನಿನವರು, ತೋಟದ ರೈಟರುಗಳು, ಅಂಚೆಯವರು. ಅವರ ಗಾಡಿಗಳನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಪಟ್ಟಿಯಲ್ಲಿ ಒಂದನ್ನೂ ಬರೆದಿರಲಿಲ್ಲ. ಅವು ಬೈಕು ಅಂತಲೇ ಅನ್ನಿಸಿರಲಿಲ್ಲ.

ಹೊಸ ಸಾಲು ಬರೆದೆ. ಸ್ಪ್ಲೆಂಡರ್ ಪ್ಲಸ್: ಸೀಟು 78.5 ಸೆಂಟಿಮೀಟರ್, ತೂಕ 112 ಕೆ.ಜಿ. ಎರಡೂ ಕಾಲಂ ಒಟ್ಟಿಗೆ ಇಳಿದದ್ದು ಅದೇ ಮೊದಲು. ಎಕ್ಸ್‌ಎಲ್ ಇನ್ನೂ ಹಗುರ, ಆದರೆ ಅದಕ್ಕೆ ಗೇರಿಲ್ಲ. ಇಳಿಜಾರಿನಲ್ಲಿ ಒಂದನೇ ಗೇರಿನಲ್ಲಿ ಎಂಜಿನ್ನೇ ಬೈಕನ್ನು ಹಿಡಿದುಕೊಳ್ಳುವುದು ನನ್ನ ಮುರಿದ ಕಾಲಿಗೆ ಬೇಕಿತ್ತು. ನಮ್ಮೂರಿನ ರೈಟರೊಬ್ಬರು ಹೊಸ ಗಾಡಿ ತೆಗೆದುಕೊಂಡು ಹಳೆಯದನ್ನು ಮಾರಲಿದ್ದರು. ದೊಡ್ಡ ಬೈಕನ್ನು ಕೊಟ್ಟು ಇದನ್ನು ಕೊಂಡಾಗ ಕೈಯಲ್ಲಿ ಅಷ್ಟು ಹಣವೂ ಉಳಿಯಿತು. ಬೆಂಗಳೂರಿನ ಗೆಳೆಯರು "ಸ್ಪ್ಲೆಂಡರಾ?" ಎಂದು ಕೇಳಿ, ನಂತರ ನಗುವ ಮುಖದ ಚಿತ್ರ ಕಳಿಸಿದರು. ಈ ಸಲ ಉತ್ತರ ಕೊಡಲಿಲ್ಲ.

ಚಾಸಿಗೆ ಕೈ ಹಾಕಿಸಲಿಲ್ಲ. ಅದಕ್ಕೆ ಕಾನೂನೂ ಒಪ್ಪುವುದಿಲ್ಲ, ನನಗೆ ಅಗತ್ಯವೂ ಇರಲಿಲ್ಲ. ಎರಡೂ ಚಕ್ರಕ್ಕೆ ಬಟನ್ ಟೈರು. ಹಿಂದಿನ ಸ್ಪ್ರಾಕೆಟಿಗೆ ಕೆಲವು ಹಲ್ಲು ಹೆಚ್ಚು. ವೇಗ ಕಡಿಮೆಯಾಗುತ್ತದೆ, ಏರಿನಲ್ಲಿ ಎಳೆತ ಹೆಚ್ಚುತ್ತದೆ. ಎಂಜಿನ್ನಿನ ಕೆಳಗೆ ಒಂದು ತಗಡಿನ ಕವಚ. ಹಿಂದಿನ ಶಾಕ್ ಅಬ್ಸಾರ್ಬರ್ ಅತ್ಯಂತ ಮೆದು ಹಂತಕ್ಕೆ. ಸೀಟಿನ ಫೋಮ್ ಎರಡೂವರೆ ಸೆಂಟಿಮೀಟರ್ ಕತ್ತರಿಸಿ, ಮುಂಭಾಗವನ್ನು ಸಣ್ಣಗೆ ಮಾಡಿಸಿದೆ. ಎಲ್ಲಕ್ಕಿಂತ ಮೊದಲು, ಬಿದ್ದ ಬೈಕು ಎತ್ತುವುದನ್ನು ಕಲಿತೆ. ಕಣದಲ್ಲಿ ಬೇಕೆಂದೇ ಮಲಗಿಸಿ, ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆ ಇಡುತ್ತ ಎತ್ತುವುದು. ಇಳಿಜಾರಿನಲ್ಲಾದರೆ ಮೊದಲು ಬೈಕನ್ನು ಎಳೆದು ಚಕ್ರಗಳು ಕೆಳಗಡೆ ಬರುವಂತೆ ತಿರುಗಿಸಿಕೊಳ್ಳಬೇಕು. ದೊಡ್ಡ ಬೈಕಿನಲ್ಲಿ ಇದನ್ನು ಎಂದೂ ಮಾಡಲಾಗಿರಲಿಲ್ಲ. ಇದರಲ್ಲಿ ನಾಲ್ಕನೇ ಸಲಕ್ಕೆ ಆಯಿತು. ಅಂಥ ಹೊತ್ತಿನಲ್ಲಿ ಧೈರ್ಯ ಅನ್ನುವುದು ಎದೆಯಲ್ಲಿ ಅಲ್ಲ, ತೊಡೆಯಲ್ಲಿ ಹುಟ್ಟುತ್ತದೆ.

ಕಳೆದುಕೊಂಡದ್ದನ್ನೂ ಹೇಳಬೇಕು. ಈ ಬೈಕಿನ ಚಕ್ರ 18 ಇಂಚಿನದು. ದೊಡ್ಡ ಬೈಕಿನ 21 ಇಂಚಿನ ಮುಂಚಕ್ರ ಬೇರು, ಕಲ್ಲುಗಳ ಮೇಲೆ ಉರುಳಿ ಹೋಗುತ್ತಿತ್ತು. ಇದು ಡಿಕ್ಕಿ ಹೊಡೆದು ನಿಲ್ಲುತ್ತದೆ. ಸಸ್ಪೆನ್ಷನ್ ಚಿಕ್ಕದು, ಬೆನ್ನಿಗೆ ತಿಳಿಯುತ್ತದೆ. ಆ ಹಾರಾಟದ ಸುಖ ಇಲ್ಲ. ಬದಲಿಗೆ ದಾರಿ ಹುಡುಕಿಕೊಂಡು, ಕಲ್ಲಿನ ಪಕ್ಕದಲ್ಲಿ ನುಸುಳಿ, ಒಂದು ಕಾಲು ಆಗಾಗ ಊರಿಕೊಂಡು, ಕೆಲವೆಡೆ ಎರಡೂ ಕಾಲಿನಿಂದ ದೋಣಿಗೆ ಹುಟ್ಟು ಹಾಕಿದಂತೆ ತಳ್ಳಿಕೊಂಡು ಹೋಗುವುದು. ಕಿರಿದಾದ ದಾರಿಯಲ್ಲಿ ಸೈಡ್ ಸ್ಟ್ಯಾಂಡ್ ಮೇಲೆ ವಾಲಿಸಿ, ಹಿಂಬದಿ ಎಳೆದು, ಇದ್ದಲ್ಲೇ ತಿರುಗಿಸಬಹುದು. ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಆನೆ ಇಳಿದಿದೆ ಎಂದು ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದ ದಿನ ನಾನು ಹೊರಡುವುದೇ ಇಲ್ಲ. ಹೊರಟ ಮೇಲೆ ಲದ್ದಿ ಕಂಡರೆ ಸದ್ದಿಲ್ಲದೆ ತಿರುಗಿಸಿ ಬರುತ್ತೇನೆ. ತೋಟದ ದಾರಿ, ಊರಿನ ಗಾಡಿದಾರಿ ಬಿಟ್ಟು ಮೀಸಲು ಕಾಡಿನ ಕಡೆಗೆ ಹೋಗುವುದಿಲ್ಲ. ಅದು ಅಪರಾಧವೂ ಹೌದು, ಅವುಗಳ ಮನೆಯೂ ಹೌದು. ಮಳೆಗಾಲದಲ್ಲಿ ಹತ್ತುವುದನ್ನೇ ಬಿಟ್ಟಿದ್ದೇನೆ. ಹಸಿ ಮಣ್ಣಿನಲ್ಲಿ ಟೈರು ಬಿಟ್ಟ ಗೆರೆ ಒಂದೇ ಮಳೆಗೆ ಕೊರಕಲಾಗುತ್ತದೆ, ಆಮೇಲೆ ಆ ದಾರಿಯಲ್ಲಿ ಗಿರಿಜಕ್ಕ ಸೌದೆ ಹೊತ್ತು ನಡೆಯಬೇಕು.

ಮೊದಲ ಸಲ ಮೇಲ್ತೋಟಕ್ಕೆ ಹೊರಟ ಬೆಳಿಗ್ಗೆ ಅಮ್ಮ ಅಂಗಳಕ್ಕೆ ಬಂದರು. ಚಿಕ್ಕಪ್ಪ ಹೇಳಿದ ಗಿರಾಕಿ ಆ ವಾರವೇ ಬರುವವರಿದ್ದರು. ಅಮ್ಮ ಅದರ ಬಗ್ಗೆ ಏನೂ ಹೇಳದೆ, "ಹತ್ತು, ನೋಡುವ" ಅಂದರು. ಹತ್ತಿ ಕೂತೆ. ಸೀರೆಯ ನೆರಿಗೆ ಎತ್ತಿ ಹಿಡಿದು ಅಮ್ಮ ನನ್ನ ಪಾದದ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಚಿಕ್ಕವಳಿದ್ದಾಗ ಲಂಗದ ಅಂಚು ಎರಡೂ ಕಡೆ ಸಮ ಇದೆಯೇ ಎಂದು ನೋಡುತ್ತಿದ್ದರಲ್ಲ, ಹಾಗೆ. ಎಡಗಡೆ ನೋಡಿದರು, ಸುತ್ತಿ ಬಂದು ಬಲಗಡೆ ನೋಡಿದರು. ಮುಂಗಾಲು ಎರಡೂ ಊರಿತ್ತು. ಹಿಮ್ಮಡಿಯ ಕೆಳಗೆ ಅಮ್ಮ ಹೆಬ್ಬೆರಳು ತೂರಿಸಿದರು. ಹೆಬ್ಬೆರಳು ಹೋಯಿತು.

"ಇಷ್ಟು ಬಾಕಿ ಇದೆ" ಅಂದರು.

"ಇಷ್ಟು ಇರ್ತದಮ್ಮ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದರು. ಒಳಗೆ ಹೋದರು. ಬಂದಾಗ ಕೈಯಲ್ಲಿ ಕೀ ಇತ್ತು, ಅಕ್ಕಿಯ ಬಿಳಿ ಹಿಟ್ಟು ಮೆತ್ತಿತ್ತು. ರೈಟರು ಕೊಟ್ಟ ಈ ಕೀಯೂ ಯಾವಾಗಲೋ ಅದೇ ಡಬ್ಬ ಸೇರಿತ್ತು. ಹೊಸ ಬೈಕಿನ ಕೀ ಹುಡುಕುತ್ತ ನಾನು ಅವತ್ತು ಬೆಳಿಗ್ಗೆಯೆಲ್ಲ ಮನೆ ಜಾಲಾಡಿದ್ದೆ. ಸೆರಗಿನಿಂದ ಒರೆಸಿ ಕೊಟ್ಟರು.

"ಹಳ್ಳದ ಹತ್ರ ಇಳಿದು ತಳ್ಳು" ಅಂದರು.

ಮೇಲ್ತೋಟ ಇನ್ನೂ ನಮ್ಮದೇ. ಗಿರಾಕಿ ಬಂದು ನೋಡಿ ಹೋದರು, ಅಮ್ಮ ಕಾಫಿ ಕೊಟ್ಟು ಕಳಿಸಿದರು. ಈಗ ತಿಂಗಳಿಗೆ ಮೂರು ಸಲವಾದರೂ ಹತ್ತುತ್ತೇನೆ. ಆ ಸಿಲ್ವರ್ ಓಕಿನ ಜಾಗದಲ್ಲಿ ಬೇಕೆಂದೇ ಒಮ್ಮೆ ನಿಲ್ಲಿಸುತ್ತೇನೆ, ಬಲಗಾಲು ಊರಿ. ಹಳ್ಳದ ಹತ್ತಿರ ಇಳಿದು ತಳ್ಳುತ್ತೇನೆ. ಎಲ್ಲಾದರೂ ಕಾಕ ಎದುರಾದರೆ ಇಬ್ಬರೂ ಹಾರ್ನ್ ಹೊಡೆಯುತ್ತೇವೆ.